ಗ್ಯಾರೇಜ್ ಪ್ರಶ್ನೋತ್ತರ: ಒಳಚಕ್ರ ಸುಮ್ಮನೆ ಸುತ್ತಿದರೆ ತಪ್ಪು ಎಲ್‌ಎಸ್‌ಡಿಯದೇನಾ?

ಈ ಸಲದ ಪತ್ರಗಳಲ್ಲಿ ಡಿಫರೆನ್ಷಿಯಲ್‌ನದೇ ಕಾರುಬಾರು. ಎಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೆ ಹಂಚಿ, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್‌ಗಳ ಜೋಡಣೆ ಅದು. ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಡಿಫರೆನ್ಷಿಯಲ್ಲೇ ಎಲ್‌ಎಸ್‌ಡಿ (ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್). ಇಲ್ಲಿ ಮುಖ್ಯವಾಗಿ ಬರುವ ಬಗೆಗಳು ಮೂರು: ದಪ್ಪ ಸಿಲಿಕೋನ್ ದ್ರವದಿಂದ ತಡೆಯುವ ವಿಸ್ಕಸ್, ಗೇರ್‌ಗಳಿಂದಲೇ ತಡೆಯುವ ಟಾರ್ಸೆನ್, ಒತ್ತಿಕೊಳ್ಳುವ ಪ್ಲೇಟ್‌ಗಳಿಂದ ತಡೆಯುವ ಕ್ಲಚ್ ಮಾದರಿ. ವಾರವೆಲ್ಲ ಆಫೀಸಿಗೆ ಓಡಿಸಿ, ರಜೆಯ ದಿನ ಅದೇ ಕಾರನ್ನು ಟ್ರ್ಯಾಕಿಗೆ ಇಳಿಸುವವರ ಪ್ರಶ್ನೆಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನನ್ನದು 1992ರ ಮಾಜ್ದಾ ಮಿಯಾಟಾ. 1.6 ಲೀಟರ್ ಎಂಜಿನ್, ಕಂಪನಿಯಿಂದಲೇ ಬಂದ ವಿಸ್ಕಸ್ ಎಲ್‌ಎಸ್‌ಡಿ. ಲಗುನಾ ಸೆಕಾ ಟ್ರ್ಯಾಕಿನ 11ನೇ ತಿರುವಿನಲ್ಲಿ ಎರಡನೇ ಗೇರ್‌ನಿಂದ ಹೊರಬರುವಾಗ ಎಡಗಡೆಯ ಹಿಂದಿನ ಚಕ್ರ ಸುಮ್ಮನೆ ಸುತ್ತುತ್ತದೆ. ಆರ್‌ಪಿಎಂ ಏರುತ್ತದೆ, ರಬ್ಬರ್ ವಾಸನೆ ಬರುತ್ತದೆ, ಕಾರು ಮಾತ್ರ ಮುಂದಕ್ಕೆ ನೂಕುವುದಿಲ್ಲ. ಎಲ್‌ಎಸ್‌ಡಿ ಸವೆದಿದೆಯೇ? ಟಾರ್ಸೆನ್ ಹಾಕಿಸಲೇ, ಕ್ಲಚ್ ಮಾದರಿಯದೇ? (ಓದುಗರು, ಸನಿವೇಲ್, ಕ್ಯಾಲಿಫೋರ್ನಿಯಾ)

ಉತ್ತರ: ಆ ತಿರುವು ಎಡಕ್ಕೆ, ಅದೂ ತೀರಾ ನಿಧಾನದ್ದು. ಕಾರಿನ ಭಾರವೆಲ್ಲ ಬಲಕ್ಕೆ ವಾಲಿದಾಗ ಎಡ ಹಿಂಚಕ್ರ ಹಗುರವಾಗುತ್ತದೆ. ಅಲ್ಲಿ ಅದು ಸುತ್ತಲು ಎರಡು ಕಾರಣ ಇರಬಹುದು. ಒಂದೋ ಎಲ್‌ಎಸ್‌ಡಿ ಸತ್ತಿದೆ, ಇಲ್ಲವೇ ಚಕ್ರವೇ ನೆಲ ಬಿಡುತ್ತಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಯಾವುದೆಂದು ತಿಳಿಯದೆ ಟಾರ್ಸೆನ್ ಕೊಂಡರೆ ದುಡ್ಡು ಹೋದಮೇಲೂ ಅದೇ ಚಕ್ರ ಅಲ್ಲೇ ಸುತ್ತುತ್ತಿರಬಹುದು. ಏಕೆಂಬುದು ಮುಂದೆ ಬರುತ್ತದೆ.

ಮೊದಲು ಡಿಫರೆನ್ಷಿಯಲ್ ಅಳೆಯಿರಿ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳನ್ನೇ ಹಿಡಿಯುವುದರಿಂದ ಅದನ್ನು ಬಿಡಲೇಬೇಕು. ಒಂದು ಹಿಂಚಕ್ರವನ್ನಷ್ಟೇ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಇನ್ನೊಂದು ನೆಲದ ಮೇಲೇ ಇರಲಿ. ಎತ್ತಿದ ಚಕ್ರ ಬಿಚ್ಚಿ, ಎರಡು ವೀಲ್ ಸ್ಟಡ್‌ಗಳಿಗೆ ಗಟ್ಟಿಮುಟ್ಟಾದ ಪಟ್ಟಿ ಕಬ್ಬಿಣ ಬಿಗಿದು, ಹಬ್‌ನ ನಡುವಿನಿಂದ ಅರ್ಧ ಮೀಟರ್ ದೂರಕ್ಕೆ 5 ಕಿಲೋ ತೂಕ ನೇತುಹಾಕಿ. ಪಟ್ಟಿ ಅಡ್ಡಲಾಗಿರುವಾಗ ಹಬ್ ಮೇಲೆ ಸುಮಾರು 25 ನ್ಯೂಟನ್ ಮೀಟರ್ ಬೀಳುತ್ತದೆ. ಕೈಬಿಟ್ಟು ನೋಡಿ. ವಿಸ್ಕಸ್ ಚೆನ್ನಾಗಿದ್ದರೆ ಪಟ್ಟಿ ಪಾಕದಲ್ಲಿ ಸೌಟು ಇಳಿದಂತೆ ನಿಧಾನಕ್ಕೆ, ಒಂದೇ ವೇಗದಲ್ಲಿ ಇಳಿಯುತ್ತದೆ. ಸತ್ತಿದ್ದರೆ ದಬಕ್ಕನೆ ಬೀಳುತ್ತದೆ. ಇದನ್ನು ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆ ಓಡಿಸಿದ ಮೇಲೆ ಇನ್ನೊಮ್ಮೆ ಮಾಡಿ. ತಣ್ಣಗಿದ್ದಾಗ ತಡೆದು ಬಿಸಿಯಾದಾಗ ಬಿಟ್ಟುಕೊಡುವುದು ಹಳೆಯ ಸಿಲಿಕೋನ್ ದ್ರವದ ಲಕ್ಷಣ. ಮೊದಲ ಎರಡು ಸುತ್ತು ಕಾರು ಸರಿಯಿದ್ದು ಆಮೇಲೆ ಹದಗೆಡುವುದೂ ಇದರಿಂದಲೇ.

ಎರಡೂ ಚಕ್ರ ಎತ್ತಿ, ಒಂದನ್ನು ಕೈಯಲ್ಲಿ ತಿರುಗಿಸಿ, ಇನ್ನೊಂದು ಅದೇ ದಿಕ್ಕಿಗೆ ತಿರುಗಿದರೆ ಎಲ್‌ಎಸ್‌ಡಿ ಸರಿಯಿದೆ ಎನ್ನುವ ಪರೀಕ್ಷೆ ಬಹಳ ಜನಪ್ರಿಯ. ಪ್ರೀಲೋಡ್ (ಪ್ಲೇಟ್‌ಗಳ ಮೇಲೆ ಮೊದಲೇ ಕೊಟ್ಟ ಒತ್ತಡ) ಇರುವ ಕ್ಲಚ್ ಮಾದರಿಗೆ ಅದು ಒಂದಿಷ್ಟು ಹೇಳೀತು. ವಿಸ್ಕಸ್‌ಗೂ ಟಾರ್ಸೆನ್‌ಗೂ ಅದನ್ನು ನಂಬಬೇಡಿ.

ಎರಡನೆಯ ಪರೀಕ್ಷೆ ಚಕ್ರದ್ದು. ಹಿಂದಿನ ಆಂಟಿರೋಲ್ ಬಾರ್‌ನ (ಕಾರು ವಾಲದಂತೆ ಎಡಬಲ ಚಕ್ರಗಳನ್ನು ಬೆಸೆಯುವ ಸರಳು) ಒಂದು ಲಿಂಕ್ ಬಿಚ್ಚಿ, ಬಾರ್ ಯಾವುದಕ್ಕೂ ತಾಗದಂತೆ ಕಟ್ಟಿ, ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹದವಾಗಿ ಓಡಿಸಿ. ಕಾರು ಮುಂದಿನಿಂದ ಹೊರಕ್ಕೆ ಜಾರುವ ಸ್ವಭಾವ ತೋರಿಸುತ್ತದೆ, ಅದಕ್ಕೆ ಸಿದ್ಧರಿರಿ. ಒಳಚಕ್ರ ಸುತ್ತುವುದು ನಿಂತಿತೆಂದರೆ ತಪ್ಪು ಬಾರ್‌ನದು ಅಥವಾ ಸ್ಪ್ರಿಂಗ್‌ನದು. ತಗ್ಗಿಸಿದ ಮಿಯಾಟಾಗಳಲ್ಲಿ ಗಟ್ಟಿ ಹಿಂಬಾರ್, ಕೆಳಕ್ಕೆ ಚಾಚಲು ಜಾಗವೇ ಇಲ್ಲದ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಎರಡೂ ಸೇರಿದರೆ ಒಳಚಕ್ರ ಗಾಳಿಯಲ್ಲಿ ತೇಲುತ್ತದೆ.

ಈಗ ಆಯ್ಕೆ. ನಿಮ್ಮ ವಿಸ್ಕಸ್ ಸತ್ತಿದ್ದರೆ ಅದನ್ನು ರಿಪೇರಿ ಮಾಡಿಸಲು ಹೋಗಬೇಡಿ. ಯುನಿಟ್ ಸೀಲ್ ಆಗಿ ಬರುತ್ತದೆ. ಮೇಲಾಗಿ 1.6 ಕಾರಿನ ಡಿಫರೆನ್ಷಿಯಲ್‌ನ ಕ್ರೌನ್ ವೀಲ್ (ಒಳಗಿನ ದೊಡ್ಡ ಹಲ್ಲುಚಕ್ರ) 6 ಇಂಚಿನದು, ಒಳ್ಳೆ ಟೈರು ಹಾಕಿ ಟ್ರ್ಯಾಕಿನಲ್ಲಿ ದುಡಿಸಿದರೆ ಅದೇ ದುರ್ಬಲ ಕೊಂಡಿ. 1994ರಲ್ಲಿ 1.8 ಎಂಜಿನ್ ಬಂದಾಗ ಮಾಜ್ದಾ 7 ಇಂಚಿನದಕ್ಕೆ ಬದಲಾಯಿಸಿತು. ಐಚ್ಛಿಕವಾಗಿ ಟಾರ್ಸೆನ್ ಕೊಟ್ಟಿತು. 1994-95ರಲ್ಲಿ ಟೈಪ್ 1, 1996ರಿಂದ ಟೈಪ್ 2. ನಿಮಗೆ ಬೇಕಾದದ್ದು ಇದೇ: 1.8 ಕಾರಿನ ಡಿಫರೆನ್ಷಿಯಲ್, ಅದರದೇ ಎರಡು ಹಾಫ್ ಶಾಫ್ಟ್ (ಅಲ್ಲಿಂದ ಚಕ್ರಗಳಿಗೆ ಹೋಗುವ ದಂಡಗಳು), ಅದರದೇ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್‌ಗೆ ಬರುವ ದಂಡ). ಮೂರನ್ನೂ ಒಟ್ಟಿಗೇ ಕೊಳ್ಳಿ. ಡಿಫರೆನ್ಷಿಯಲ್ ಒಂದನ್ನೇ ತಂದು, ನಿಮ್ಮ ಹಳೆಯ ಶಾಫ್ಟ್‌ನ ಫ್ಲಾಂಜ್ ಕೂರದೆ ಕಾರನ್ನು ಸ್ಟ್ಯಾಂಡ್ ಮೇಲೆ ತಿಂಗಳುಗಟ್ಟಲೆ ಬಿಟ್ಟವರಿದ್ದಾರೆ.

ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಳ್ಳುವಾಗ ಹಾಫ್ ಶಾಫ್ಟ್ ಕೂರುವ ತೂತಿಗೆ ಟಾರ್ಚ್ ಬಿಡಿ. ನಡುವೆ ಅಡ್ಡಪಿನ್ ಕಂಡರೆ ಅದು ಟಾರ್ಸೆನ್ ಅಲ್ಲ, ಮಾರುವವರು ಏನೇ ಹೇಳಲಿ. ಟಾರ್ಸೆನ್‌ನಲ್ಲಿ ಆ ಪಿನ್ ಇರುವುದಿಲ್ಲ.

ಟಾರ್ಸೆನ್‌ನಲ್ಲಿ ಸವೆಯುವ ಕ್ಲಚ್ ಪ್ಲೇಟ್‌ಗಳಿಲ್ಲ, ಮಳೆಯಲ್ಲೂ ಪೇಟೆಯಲ್ಲೂ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಆದರೆ ಅದು ಗುಣಿಸುವ ಯಂತ್ರ. ಅನುಪಾತ 2.5 ಎಂದಿಟ್ಟುಕೊಳ್ಳಿ. ಒಳಚಕ್ರ 200 ನ್ಯೂಟನ್ ಮೀಟರ್ ತಡೆದುಕೊಂಡರೆ ಹೊರಚಕ್ರಕ್ಕೆ 500ರವರೆಗೆ ಸಿಗುತ್ತದೆ. ಒಳಚಕ್ರ ನೆಲ ಬಿಟ್ಟು ಸೊನ್ನೆಯಾದರೆ, ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಬಾರ್ ಬಿಚ್ಚಿ ನೋಡಿ ಎಂದದ್ದು ಇದಕ್ಕೇ. ಚಕ್ರ ನೆಲದ ಮೇಲೆ ನಿಲ್ಲುವಂತೆ ಮಾಡಬಲ್ಲಿರಾದರೆ ಟಾರ್ಸೆನ್ ಸಾಕು. ಗಟ್ಟಿ ಸ್ಪ್ರಿಂಗ್, ಸ್ಲಿಕ್ ಟೈರು, ಕರ್ಬ್ ಹತ್ತಿಸುವ ಓಟ ಎಂದಿದ್ದರೆ ಮಾತ್ರ ಕ್ಲಚ್ ಮಾದರಿಗೆ ಹೋಗಿ.

ಜೋಡಿಸುವಾಗ ಒಂದು ಎಚ್ಚರಿಕೆ. ಈ ಕಾರಿನಲ್ಲಿ ಗೇರ್‌ಬಾಕ್ಸ್‌ನ ಬಾಲವನ್ನು ಹೊತ್ತಿರುವುದು ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್‌ವರೆಗೆ ಚಾಚಿರುವ ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟು. ಪಿಪಿಎಫ್ ಎನ್ನುತ್ತಾರೆ. ಅದನ್ನು ಬಿಚ್ಚುವ ಮೊದಲು ಗೇರ್‌ಬಾಕ್ಸ್ ಕೆಳಗೆ ಜಾಕಿ ಕೊಡದಿದ್ದರೆ ಬಾಲ ಕುಸಿಯುತ್ತದೆ. ವಾಪಸ್ ಬಿಗಿಯುವಾಗ ಸರ್ವಿಸ್ ಮ್ಯಾನ್ಯುಯಲ್ ಹೇಳುವ ಎತ್ತರಕ್ಕೆ ಹೊಂದಿಸಿ. ಇಲ್ಲವಾದರೆ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ತಪ್ಪಿ ಹೆದ್ದಾರಿಯಲ್ಲಿ ನಡುಕ ಬರುತ್ತದೆ, ನೀವು ಟೈರ್ ಬ್ಯಾಲೆನ್ಸ್ ಮಾಡಿಸುತ್ತಲೇ ಇರುತ್ತೀರಿ. ಹಾಫ್ ಶಾಫ್ಟ್‌ನ ಎರಡು ಸೀಲ್‌ಗಳನ್ನು ಹೊಸದು ಹಾಕಿ, ಹಬ್ ನಟ್ ಕೂಡ ಹೊಸದು. ಬಿಗಿತ 216ರಿಂದ 294 ನ್ಯೂಟನ್ ಮೀಟರ್, ಆಮೇಲೆ ನಟ್‌ನ ಅಂಚನ್ನು ಶಾಫ್ಟ್‌ನ ಕಚ್ಚಿನೊಳಕ್ಕೆ ತಟ್ಟಿ ಕೂರಿಸಬೇಕು. ಆಯಿಲ್ ಜಿಎಲ್-5 ದರ್ಜೆಯ 75ಡಬ್ಲ್ಯೂ-90, 7 ಇಂಚಿನದಕ್ಕೆ ಸುಮಾರು 1 ಲೀಟರ್. ನಿಮ್ಮ ಹಳೆಯದಕ್ಕೆ 0.65 ಲೀಟರ್ ಹಿಡಿಯುತ್ತಿತ್ತು, ಆ ಅಭ್ಯಾಸಬಲದಲ್ಲಿ ಕಮ್ಮಿ ಹಾಕಿಬಿಡಬೇಡಿ.

ಸ್ಪೀಡೋಮೀಟರ್ ಮರೆಯಬೇಡಿ. ನಿಮ್ಮ ಡಿಫರೆನ್ಷಿಯಲ್‌ನ ಗೇರ್ ಅನುಪಾತ 4.30, ಬರುವುದರದು 4.10. ಮೀಟರ್ ಗೇರ್‌ಬಾಕ್ಸ್‌ನಿಂದ ಓದುವುದರಿಂದ ಮೊದಲಿಗಿಂತ ಸುಮಾರು ಶೇ 5 ಕಮ್ಮಿ ತೋರಿಸುತ್ತದೆ. ಮೀಟರ್ 60 ಎಂದಾಗ ಕಾರು 63ರ ಹತ್ತಿರ. ಪೊಲೀಸರಿಗೆ ಈ ಲೆಕ್ಕ ಒಪ್ಪಿಗೆಯಾಗುವುದಿಲ್ಲ. ಗೇರ್‌ಬಾಕ್ಸಿನ ಪಕ್ಕದಲ್ಲಿರುವ ಸ್ಪೀಡೋಮೀಟರ್‌ನ ಪುಟ್ಟ ಪ್ಲಾಸ್ಟಿಕ್ ಗೇರನ್ನು ಹೊಸ ಅನುಪಾತಕ್ಕೆ ತಕ್ಕದ್ದಕ್ಕೆ ಬದಲಿಸಿ.

ಪ್ರಶ್ನೆ: 1995ರ 1.8 ಎಂಎಕ್ಸ್-5 (ಮಿಯಾಟಾದ್ದೇ ಇನ್ನೊಂದು ಹೆಸರು), ಸಾದಾ ಡಿಫರೆನ್ಷಿಯಲ್. ಒಂದೂವರೆ-ವೇ (ಆಕ್ಸಿಲರೇಟರ್ ಒತ್ತಿದಾಗ ಪೂರ್ತಿ, ಬಿಟ್ಟಾಗ ಅರೆಬರೆ ಹಿಡಿಯುವ) ಕ್ಲಚ್ ಎಲ್‌ಎಸ್‌ಡಿಯ ಸೆಂಟರ್, ಅಂದರೆ ಒಳಭಾಗ, ಕೊಂಡಿದ್ದೇನೆ. ಹೌಸಿಂಗ್ (ಹೊರಗವಚ) ನನ್ನದೇ. ಮನೆಯಲ್ಲೇ ಕೂರಿಸಬಹುದೇ? ಕೂರಿಸಿದ ಮೇಲೆ ಕಾರ್ ಪಾರ್ಕಿಂಗ್‌ನಲ್ಲಿ ಕಟಕಟ ಎನ್ನುತ್ತದಂತೆ, ನಿಜವೇ? (ಓದುಗರು, ಮಿಲ್ಟನ್ ಕೀನ್ಸ್, ಇಂಗ್ಲೆಂಡ್)

ಉತ್ತರ: ಡಯಲ್ ಗೇಜ್ (ಕೂದಲೆಳೆಯಷ್ಟು ಅಂತರ ಅಳೆಯುವ ಮುಳ್ಳಿನ ಮಾಪಕ), ಮ್ಯಾಗ್ನೆಟ್ ಸ್ಟ್ಯಾಂಡ್, ಬೇರಿಂಗ್ ಪುಲ್ಲರ್, ಪ್ರೆಸ್, ಟಾರ್ಕ್ ರೆಂಚ್ ಇದ್ದರೆ ಮಾಡಬಹುದು. ಡಯಲ್ ಗೇಜ್ ಇಲ್ಲದೆ ‘ಕೈಗೆ ಸರಿಯೆನಿಸುವಷ್ಟು’ ಎಂದು ಕೂರಿಸಿದರೆ 80 ಕಿಲೋಮೀಟರ್ ವೇಗದಲ್ಲಿ ಕುಯ್ಯೋ ಎನ್ನುವ ಸದ್ದು ಖಾತ್ರಿ.

ನಿಮ್ಮ ಅದೃಷ್ಟಕ್ಕೆ ಪಿನಿಯನ್ (ಕ್ರೌನ್ ವೀಲ್ ತಿರುಗಿಸುವ ಚಿಕ್ಕ ಗೇರ್) ಮುಟ್ಟಬೇಕಾಗಿಲ್ಲ. ಹೌಸಿಂಗ್, ಪಿನಿಯನ್, ಕ್ರೌನ್ ವೀಲ್ ಮೂರೂ ಹಳೆಯ ಜೋಡಿಯೇ ಆದ್ದರಿಂದ ಪಿನಿಯನ್‌ನ ಆಳ ಬದಲಾಗುವುದಿಲ್ಲ. ಸೀಲ್ ಸೋರುತ್ತಿದೆಯೆಂದು ಪಿನಿಯನ್ ನಟ್ ಬಿಚ್ಚಿದಿರೋ, ಒಳಗಿನ ಕುಗ್ಗುವ ಸ್ಲೀವ್ ಹೊಸದೇ ಬೇಕು, ಬೇರಿಂಗ್‌ನ ಪ್ರೀಲೋಡ್ ಮತ್ತೆ ಅಳೆಯಬೇಕು. ಕೆಲಸ ಎರಡರಷ್ಟಾಗುತ್ತದೆ.

ಬಿಚ್ಚುವ ಮೊದಲೇ ಈಗಿರುವ ಬ್ಯಾಕ್‌ಲ್ಯಾಶ್ (ಎರಡು ಗೇರ್‌ಗಳ ಹಲ್ಲುಗಳ ನಡುವಿನ ಸಡಿಲ) ಅಳೆದು ಗೋಡೆಯ ಮೇಲೆ ಬರೆದಿಡಿ. ಬೇರಿಂಗ್ ಕ್ಯಾಪ್‌ಗಳಿಗೆ ಪಂಚ್‌ನಿಂದ ಎಡಕ್ಕೆ ಒಂದು ಚುಕ್ಕೆ, ಬಲಕ್ಕೆ ಎರಡು. ಅವು ಹೌಸಿಂಗ್ ಜೊತೆಯಲ್ಲೇ ಕೊರೆದವು, ಅದಲುಬದಲಾದರೆ ಬೇರಿಂಗ್ ಹಿಡಿದುಕೊಳ್ಳುತ್ತದೆ. ಕ್ರೌನ್ ವೀಲ್‌ನ ಬೋಲ್ಟುಗಳನ್ನು ಎದುರುಬದುರಾಗಿ ಸಡಿಲಿಸಿ. ಹೊಸ ಸೆಂಟರ್‌ನ ಕೂರುವ ಮುಖಕ್ಕೆ ಎಣ್ಣೆಕಲ್ಲು ಹಗುರವಾಗಿ ಆಡಿಸಿ, ಥಿನ್ನರ್‌ನಲ್ಲಿ ಒರೆಸಿ. ಒಂದೇ ಒಂದು ಕಬ್ಬಿಣದ ಚೂರು ನಡುವೆ ಸಿಕ್ಕಿಕೊಂಡರೂ ಕ್ರೌನ್ ವೀಲ್ ಓರೆಯಾಗಿ ತಿರುಗುತ್ತದೆ. ಬೋಲ್ಟಿನ ಎಳೆಗಳಲ್ಲಿ ಹಳೆಯ ಅಂಟು ಇರಬಾರದು. ಹೊಸ ಥ್ರೆಡ್‌ಲಾಕ್ ಹಾಕಿ ಎದುರುಬದುರಾಗಿ, ಮೂರು ಹಂತದಲ್ಲಿ ಬಿಗಿಯಿರಿ. ಪಕ್ಕದ ಬೇರಿಂಗ್‌ಗಳು ಹೊಸವೇ ಇರಲಿ. ಹಳೆಯದನ್ನು ಎಳೆದು ತೆಗೆಯುವಾಗಲೇ ಅದರ ಪಂಜರ ಪೆಟ್ಟಾಗಿರುತ್ತದೆ.

ಬ್ಯಾಕ್‌ಲ್ಯಾಶ್ 0.09ರಿಂದ 0.11 ಮಿಲಿಮೀಟರ್. ಗೇಜ್‌ನ ಮೊನೆ ಹಲ್ಲಿನ ಹೊರತುದಿಗೆ ನೇರವಾಗಿ ತಾಗಬೇಕು, ಪಿನಿಯನ್ ಅಲ್ಲಾಡದಂತೆ ಒಬ್ಬರು ಹಿಡಿದಿರಬೇಕು. ಸುತ್ತಲೂ ನಾಲ್ಕು ಕಡೆ ಓದಿ. ಒಂದು ಕಡೆ 0.09, ಎದುರು ಕಡೆ 0.20 ಬಂದರೆ ಆ ಕಬ್ಬಿಣದ ಚೂರು ನಿಮ್ಮನ್ನು ಕಾಯುತ್ತಾ ಕೂತಿದೆ, ಬಿಚ್ಚಿ ಒರೆಸಿ. ಕಡೆಗೆ ಎಂಟ್ಹತ್ತು ಹಲ್ಲಿಗೆ ಮಾರ್ಕಿಂಗ್ ಪೇಸ್ಟ್ ಹಚ್ಚಿ, ಕ್ರೌನ್ ವೀಲನ್ನು ಬಟ್ಟೆಯಿಂದ ತಡೆಯುತ್ತಾ ಪಿನಿಯನ್ ತಿರುಗಿಸಿ ನೋಡಿ. ಗುರುತು ಹಲ್ಲಿನ ನಡುವೆ ಬೀಳಬೇಕು. ತುದಿಯಲ್ಲೋ ಬುಡದಲ್ಲೋ ಮಾತ್ರ ಬಿದ್ದರೆ ಹೌಸಿಂಗ್ ಮುಚ್ಚಬೇಡಿ.

ಕಟಕಟದ ವಿಷಯ. ಕ್ಲಚ್ ಪ್ಲೇಟ್‌ಗಳು ನಿಧಾನ ತಿರುವಿನಲ್ಲಿ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಸಾಗುವ ಸದ್ದದು. ಹೊಸದರಲ್ಲಿ ಇದ್ದೇ ಇರುತ್ತದೆ, ಮೊದಲ ಸಲ ಕೇಳಿದವರು ಆಕ್ಸಲ್ ಮುರಿಯಿತೆಂದು ಹೆದರುವುದೂ ಸಹಜ. ಪಳಗಿಸುವ ಕ್ರಮ ಹೀಗೆ: ಖಾಲಿ ಮೈದಾನದಲ್ಲಿ ಮೊದಲ ಗೇರ್‌ನಲ್ಲಿ ನಡಿಗೆಗಿಂತ ತುಸು ಜೋರಾಗಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಹತ್ತು ಹನ್ನೆರಡು ಸುತ್ತು, ನಡುನಡುವೆ ಆಕ್ಸಿಲರೇಟರ್ ಹಗುರವಾಗಿ ಒತ್ತಿ ಬಿಡುತ್ತಾ. ಐದು ನಿಮಿಷ ನೇರ ಓಡಿಸಿ ತಣಿಸಿ. ಮತ್ತೆ ಅಷ್ಟೇ. ಅರ್ಧ ಗಂಟೆಯ ಕೆಲಸ. ಆಯಿಲ್ ಬಿಸಿಯಿರುವಾಗಲೇ ಇಳಿಸಿ. ಬೂದಿ ಬೆರೆಸಿದಂತೆ ಕಂದಾಗಿ ಬರುತ್ತದೆ, ಅದು ಪ್ಲೇಟ್‌ಗಳ ಮೊದಲ ಸವೆತ. ಬೆರಳಿಗೆ ಸಿಗುವ ಚಕ್ಕೆಗಳು ಬಂದರೆ ಮಾತ್ರ ಚಿಂತಿಸಿ. ಎಲ್‌ಎಸ್‌ಡಿ ಜೊತೆ ಬಂದ ಹಾಳೆಯಲ್ಲಿ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಪಾಲಿಸಿ.

ಆಮೇಲೂ ಸದ್ದು ಸಹಿಸಲಾಗದಿದ್ದರೆ ಫ್ರಿಕ್ಷನ್ ಮಾಡಿಫೈಯರ್ (ಪ್ಲೇಟ್‌ಗಳ ಘರ್ಷಣೆಯನ್ನು ಹದಗೊಳಿಸುವ ದ್ರವ) 30 ಮಿಲಿಲೀಟರ್ ಸೇರಿಸಿ, ಮತ್ತೆ ಎಂಟರ ಆಕಾರದಲ್ಲಿ ಸುತ್ತಿ, ಕೇಳಿ, ಬೇಕಾದರೆ ಮತ್ತೆ 30. ಬಾಟಲಿಯಲ್ಲಿ ಇರುವುದನ್ನೆಲ್ಲ ಒಮ್ಮೆಗೇ ಸುರಿದರೆ ಸದ್ದಿನ ಜೊತೆ ಹಿಡಿತವೂ ಹೋಗುತ್ತದೆ. ಎಲ್‌ಎಸ್‌ಡಿಗೆಂದೇ ಮಾರುವ ಆಯಿಲ್‌ನಲ್ಲಿ ಇದು ಮೊದಲೇ ಬೆರೆತಿರುತ್ತದೆ, ಡಬ್ಬಿ ಓದಿ.

ಪ್ರಶ್ನೆ: ಬಿಎಂಡಬ್ಲ್ಯೂ ಇ36 ಎಂ3ಯ ಎಲ್‌ಎಸ್‌ಡಿ ಸವೆದಿದೆ. ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಹಿಂದಿನಿಂದ ‘ಠಕ್’ ಎನ್ನುತ್ತದೆ. ದಪ್ಪ ಶಿಮ್ (ಸಂದಿಗೆ ಕೂರಿಸುವ ಲೋಹದ ಬಿಲ್ಲೆ) ಹಾಕಿದರೆ ಸಾಕು ಎನ್ನುತ್ತಾರೆ ಪರಿಚಯದ ಮೆಕ್ಯಾನಿಕ್. ಲಾಕ್ ಆಗುವ ಪ್ರಮಾಣವನ್ನು ಶೇ 25ರಿಂದ ಶೇ 40ಕ್ಕೆ ಏರಿಸಬೇಕೆಂದೂ ಇದೆ. (ಓದುಗರು, ಸ್ಟುಟ್‌ಗಾರ್ಟ್)

ಉತ್ತರ: ‘ಠಕ್’ ಎನ್ನಲು ರಬ್ಬರ್ ಬುಷ್‌ಗಳೂ ಪ್ರೊಪೆಲ್ಲರ್ ಶಾಫ್ಟ್‌ನ ಗಿಬೋ ಕಪ್ಲಿಂಗೂ (ರಬ್ಬರಿನ ಕೊಂಡಿ) ಕಾರಣವಾಗಬಹುದು. ಡಿಫರೆನ್ಷಿಯಲ್ ಇಳಿಸುವ ಮೊದಲು ಅವನ್ನು ಕಂಬಿಯಿಂದ ಮೀಟಿ ನೋಡಿ. ಅವು ಸರಿಯಿದ್ದರೆ ಒಳಗೆ ಪ್ಲೇಟ್ ಸವೆದು, ಪ್ರೆಷರ್ ರಿಂಗ್‌ಗಳು ಇಳಿಜಾರಿನ ಮೇಲೆ ಹೆಚ್ಚು ದೂರ ಸರಿಯುತ್ತಿವೆ ಎಂದರ್ಥ.

ಶಿಮ್ ಹಾಕಿದರೆ ಪ್ರೀಲೋಡ್ ವಾಪಸ್ ಬರುತ್ತದೆ, ಹಬ್ ಮೇಲೆ ಅಳೆದರೆ ಅಂಕಿಯೂ ಚೆನ್ನಾಗಿ ಕಾಣುತ್ತದೆ. ಆದರೆ ಹೊಳಪೇರಿದ ಪ್ಲೇಟ್ ಹೊಳಪೇರಿದ್ದೇ. ಅದರ ಮೇಲ್ಮೈ ಹಿಡಿಯುವುದಿಲ್ಲ, ಒಂದೆರಡು ಟ್ರ್ಯಾಕ್ ದಿನದಲ್ಲಿ ಅಂಕಿ ಮತ್ತೆ ಇಳಿಯುತ್ತದೆ. ಪ್ಲೇಟ್‌ಗಳನ್ನೂ ತಟ್ಟೆಯಾಕಾರದ ಸ್ಪ್ರಿಂಗ್‌ಗಳನ್ನೂ ಒಟ್ಟಿಗೆ ಬದಲಿಸಿ. ತೆಗೆಯುವಾಗ ಒಂದೊಂದನ್ನೂ ಹೊರಬಂದ ಕ್ರಮದಲ್ಲೇ ತಂತಿಗೆ ಪೋಣಿಸಿ, ಸ್ಪ್ರಿಂಗ್‌ನ ಉಬ್ಬು ಯಾವ ಕಡೆಗಿತ್ತೆಂದು ಫೋಟೊ ತೆಗೆಯಿರಿ. ಉಲ್ಟಾ ಕೂತ ಸ್ಪ್ರಿಂಗ್‌ನಿಂದ ಪ್ರೀಲೋಡೇ ಬರುವುದಿಲ್ಲ. ಹೊಸ ಪ್ಲೇಟ್‌ಗಳನ್ನು ರಾತ್ರಿಯಿಡೀ ಆಯಿಲ್‌ನಲ್ಲಿ ನೆನೆಹಾಕಿ, ಒಣಗಿದ್ದನ್ನು ಹಾಗೇ ಜೋಡಿಸಿದರೆ ಮೊದಲ ತಿರುವಿನಲ್ಲೇ ಸುಡುತ್ತವೆ. ಈ ಹೌಸಿಂಗ್‌ನಲ್ಲಿ ಬ್ಯಾಕ್‌ಲ್ಯಾಶ್ ನಿಂತಿರುವುದು ಪಕ್ಕದ ಮುಚ್ಚಳಗಳ ಕೆಳಗಿನ ಶಿಮ್‌ಗಳ ಮೇಲೆ. ಎಡದ್ದು ಬಲದ್ದು ಬೇರೆ ಬೇರೆ ಚೀಲದಲ್ಲಿಡಿ.

ಶೇ 25, ಶೇ 40 ಅಂದರೆ ಎರಡು ಚಕ್ರಗಳ ಟಾರ್ಕ್‌ನ ವ್ಯತ್ಯಾಸವನ್ನು ಒಟ್ಟು ಟಾರ್ಕ್‌ನಿಂದ ಭಾಗಿಸಿದ ಲೆಕ್ಕ. ಒಟ್ಟು 400 ನ್ಯೂಟನ್ ಮೀಟರ್ ಇದ್ದರೆ ಶೇ 25ರಲ್ಲಿ 250 ಮತ್ತು 150, ಶೇ 40ರಲ್ಲಿ 280 ಮತ್ತು 120. ಟ್ರ್ಯಾಕಿಗೆ 40 ಚೆಂದ. ಆದರೆ ಬಿಗಿ ತಿರುವಿಗೆ ನುಗ್ಗುವಾಗ ಕಾರಿನ ಮೂತಿ ತಿರುಗಲು ಒಪ್ಪದು, ಮಂಜು ಬಿದ್ದ ರಸ್ತೆಯಲ್ಲಿ ಎರಡೂ ಹಿಂಚಕ್ರ ಒಟ್ಟಿಗೆ ಜಾರುತ್ತವೆ. ನೀವಿರುವ ಊರಿನಲ್ಲಿ ಚಳಿಗಾಲದಲ್ಲೂ ಇದೇ ಕಾರು ಓಡಿಸುವುದಾದರೆ ಹೊಸ ಪ್ಲೇಟ್ ಹಾಕಿದ ಶೇ 25ರಲ್ಲೇ ಒಂದು ಋತು ಕಳೆಯಿರಿ. ಸವೆದ 25ಕ್ಕೂ ಹೊಸ 25ಕ್ಕೂ ಇರುವ ಅಂತರವೇ ಬಹಳ ಜನರಿಗೆ ಸಾಕಾಗುತ್ತದೆ.

ಪ್ರಶ್ನೆ: ಮ್ಯಾನ್ಯುಯಲ್ ಗೇರ್‌ನ ಫೋಕ್ಸ್‌ವ್ಯಾಗನ್ ಪೋಲೊ. ವರ್ಷಕ್ಕೆ ಮೂರು ನಾಲ್ಕು ಸಲ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋಗುತ್ತೇವೆ. ಮುಂಚಕ್ರ ಚಾಲನೆಯ ಕಾರಿಗೆ ಎಲ್‌ಎಸ್‌ಡಿ ಹಾಕಿಸುವುದು ದಂಡವೇ? (ಓದುಗರು, ಬೆಂಗಳೂರು)

ಉತ್ತರ: ದಂಡವಲ್ಲ, ಆದರೆ ಸರದಿಯಲ್ಲಿ ಮೊದಲನೆಯದೂ ಅಲ್ಲ. ಟೈರು, ಬ್ರೇಕ್ ಪ್ಯಾಡ್, ಡ್ಯಾಂಪರ್ ಆದಮೇಲೆ. ಹಾಕಿಸುವುದಾದರೆ ಕ್ವೈಫ್ ಕಂಪನಿ ತಯಾರಿಸುವಂಥ, ಟಾರ್ಸೆನ್‌ನಂತೆ ಗೇರ್‌ಗಳಿಂದಲೇ ಕೆಲಸ ಮಾಡುವ ಹೆಲಿಕಲ್ ಗೇರ್ ಮಾದರಿಯದೇ ಇರಲಿ. ಮುಂಚಕ್ರಕ್ಕೆ ಗಟ್ಟಿ ಕ್ಲಚ್ ಮಾದರಿ ಹಾಕಿದರೆ ನಮ್ಮ ಹೊಂಡದ ರಸ್ತೆಗಳಲ್ಲಿ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಈ ಕಾರುಗಳಲ್ಲಿ ತಿರುವಿನಲ್ಲಿ ನೆಲ ಬಿಡುವುದು ಹಿಂದಿನ ಒಳಚಕ್ರ. ಅದಕ್ಕೆ ಚಾಲನೆಯೇ ಇಲ್ಲದ್ದರಿಂದ ಮೇಲೆ ಹೇಳಿದ ಸೊನ್ನೆಯ ತಾಪತ್ರಯ ಇಲ್ಲಿ ಅಷ್ಟಾಗಿ ಕಾಡದು.

ಕೆಲಸ ಮಾತ್ರ ದೊಡ್ಡದು, ಗೇರ್‌ಬಾಕ್ಸ್ ಇಳಿಸಿ ಎರಡಾಗಿ ಸೀಳಬೇಕು. ಫೋಕ್ಸ್‌ವ್ಯಾಗನ್‌ನ ಹಲವು ಗೇರ್‌ಬಾಕ್ಸ್‌ಗಳಲ್ಲಿ ಕ್ರೌನ್ ವೀಲನ್ನು ಡಿಫರೆನ್ಷಿಯಲ್‌ಗೆ ರಿವೆಟ್ ಹೊಡೆದಿರುತ್ತಾರೆ. ರಿವೆಟ್ ತಲೆಗಳನ್ನು ಕೊರೆದು ತೆಗೆದು ಬೋಲ್ಟ್ ಹಾಕಬೇಕು. ಡ್ರಿಲ್ ಓರೆಯಾಗಿ ಕ್ರೌನ್ ವೀಲ್‌ನ ತೂತು ದೊಡ್ಡದಾದರೆ ಆ ಗೇರ್ ಗುಜರಿಗೆ. ಒಳ್ಳೆಯ ಲೇತ್ ವರ್ಕ್‌ಶಾಪಿಗೆ ಕೊಡಿ, ಕೈಡ್ರಿಲ್ ಹಿಡಿದವರಿಗೆ ಬೇಡ. ಡಿಫರೆನ್ಷಿಯಲ್ ಬೇರಿಂಗ್‌ಗಳ ಶಿಮ್ ಕೂಡ ಮರಳಿ ಅಳೆಯಬೇಕು. ಹಳೆಯ ಶಿಮ್ಮೇ ಸರಿಹೋಗುತ್ತದೆ ಎನ್ನುವ ಗ್ಯಾರೇಜನ್ನು ಬಿಟ್ಟು ಮುಂದಿನದಕ್ಕೆ ಹೋಗಿ.

ಪ್ರಶ್ನೆ: ನಮ್ಮ ಹೊಸ ಥಾರ್ ಮಳೆಗಾಲದಲ್ಲಿ ತೋಟದ ಏರಿನಲ್ಲಿ ಒಂದು ಚಕ್ರ ಜಾರಿದ ಕೂಡಲೇ ಹಿಂದೆ ‘ಧಡ್’ ಎಂದು ಸದ್ದು ಮಾಡಿ ಹತ್ತುತ್ತದೆ. ಎಲ್‌ಎಸ್‌ಡಿ ಹಾಳಾಯಿತೇ? (ಓದುಗರು, ಸಕಲೇಶಪುರ)

ಉತ್ತರ: ನಿಮ್ಮ ಗಾಡಿಯಲ್ಲಿರುವುದು ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಆಗಿದ್ದರೆ ಅದು ಎಲ್‌ಎಸ್‌ಡಿಯೇ ಅಲ್ಲ. ಎರಡು ಹಿಂಚಕ್ರಗಳ ವೇಗದಲ್ಲಿ ಸುಮಾರು 100 ಆರ್‌ಪಿಎಂ ಅಂತರ ಬಂದಾಗ ಒಳಗಿನ ಕೊಕ್ಕೆ ಸಿಕ್ಕಿಕೊಂಡು ಎರಡನ್ನೂ ಪೂರ್ತಿ ಬಂಧಿಸುತ್ತದೆ. ಆಗಿನ ಸದ್ದದು. ಗಾಡಿ ಸುಮಾರು 30 ಕಿಲೋಮೀಟರ್ ವೇಗ ದಾಟಿದ್ದರೆ ಅದು ಹಿಡಿಯುವುದೇ ಇಲ್ಲ. ಚಕ್ರ ಜಾರಿದಾಗ ಗಾಬರಿಯಲ್ಲಿ ಆಕ್ಸಿಲರೇಟರ್ ತುಳಿದರೆ ಏಟು ಜೋರಾಗಿ ಬೀಳುತ್ತದೆ. ಹದವಾಗಿ ಒತ್ತಿ ಹಿಡಿದರೆ ‘ಧಡ್’ ಹೋಗಿ ‘ಟಕ್’ ಆಗುತ್ತದೆ.